ಸಂಶಯದಿಂದ ನಿರ್ಣಯದವರೆಗೆ: ರೋಗಶಂಕೆಯ ದಿನಗಳಲ್ಲಿ ಬಂಧುಗಳ ಕರ್ತವ್ಯ

ರಾಯಚೂರಿನ ಕಡೆಯಿಂದ ಬಂದು ಖಡಕಿಯ ವಸತಿಗೃಹದಲ್ಲಿ ನೆಲೆಸಿರುವ ಒಂದು ಗೃಹಸ್ಥ ಕುಟುಂಬವು ನಮ್ಮ ಪರಿಚಯದ್ದು. ಶ್ರಾವಣದ ಒಂದು ಶುಕ್ರವಾರ ಆ ಮನೆಯ ಸೊಸೆ ಪೂಜೆಯ ತಟ್ಟೆಯನ್ನು ಅಣಿಗೊಳಿಸುತ್ತ, “ಅತ್ಯಾ, ಬಲಗಣ್ಣಿಗೆ ಕುಂಕುಮ ಮಬ್ಬಾಗಿ ಕಾಣಸ್ತದ” ಎಂದಳು. ಕಣ್ಣು ಹೊರಳಿಸಿದರೆ ನೋವು. ಕಣ್ಣಿನ ವೈದ್ಯರು ನರರೋಗ ತಜ್ಞರ ಬಳಿಗೆ ಕಳುಹಿಸಿದರು. ಹಿಂದಿನ ವರ್ಷ ಎಡಗಾಲು ಎರಡು ವಾರ ಜೋಮು ಹಿಡಿದಿದ್ದುದು ಆಗ ನೆನಪಾಯಿತು. ಎಂ.ಆರ್.ಐ. ಚಿತ್ರವನ್ನು ನೋಡಿದ ತಜ್ಞರು, “ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಈಗಲೇ ಹೇಳಲಾಗದು” ಎಂದರು.

ಈ “ಇರಬಹುದು” ಎಂಬ ಮಾತಿನೊಡನೆ ಮನೆಯವರು ಹೇಗೆ ಬಾಳಬೇಕೆಂಬುದೇ ಈ ಪಾಠದ ವಿಷಯ.

ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ. ದೇಹದ ರಕ್ಷಣಾವ್ಯವಸ್ಥೆಯೇ ಆ ಹೊದಿಕೆಯನ್ನು ಹಗೆಯೆಂದು ಭಾವಿಸಿ ಹಾನಿಗೊಳಿಸುವುದು ಈ ರೋಗದ ಸ್ವರೂಪ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದನು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ.

ನಿರ್ಣಯವೇಕೆ ತಡವಾಗುತ್ತದೆ? ದೇಶ ಮತ್ತು ಕಾಲ ಎಂಬ ಪದಗಳು ನಮ್ಮ ಸಂಕಲ್ಪದಲ್ಲಿ ನಿತ್ಯವೂ ಬರುತ್ತವೆ. ವೈದ್ಯರೂ ಇವೆರಡನ್ನೇ ಕೇಳುತ್ತಾರೆಂಬುದು ಸ್ವಾರಸ್ಯದ ಸಂಗತಿ. ನರಮಂಡಲದ ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ, ಒಂದಕ್ಕಿಂತ ಹೆಚ್ಚು ಕಾಲಗಳಲ್ಲಿ ಹಾನಿಯಾಗಿದೆಯೇ? ಬೇರೆ ಕಾರಣದಿಂದ ಇದು ಉಂಟಾಗಿಲ್ಲವಷ್ಟೆ? 2001ರಲ್ಲಿ ರಚಿತವಾಗಿ ಅನಂತರ ಹಲವು ಬಾರಿ ಪರಿಷ್ಕೃತವಾದ ಮೆಕ್‌ಡೊನಾಲ್ಡ್ ನಿಯಮಗಳ ಹುರುಳು ಇದು. ಬೆನ್ನುಹುರಿಯ ದ್ರವದ ಪರೀಕ್ಷೆಯು ಕೆಲವೊಮ್ಮೆ ಕಾಲದ ಸಾಕ್ಷ್ಯಕ್ಕಾಗಿ ಕಾಯುವುದನ್ನು ತಪ್ಪಿಸುತ್ತದೆ. ಆದುದರಿಂದ ತಡವಾಗಿ ಹೇಳುವ ವೈದ್ಯರು ಅಜ್ಞರೆಂದು ತಿಳಿದು, ವಾರಕ್ಕೊಬ್ಬರಂತೆ ಹೊಸಬರ ಬಾಗಿಲು ತಟ್ಟುವುದು ಸರಿಯಲ್ಲ. ಸಂಶಯವಿದ್ದರೆ ಒಬ್ಬ ನರತಜ್ಞರ ಎರಡನೆಯ ಅಭಿಪ್ರಾಯ ಸಾಕು.

ಬೇರೆ ಕಾರಣಗಳಲ್ಲಿ ಒಂದು ನಮ್ಮಂಥ ಶಾಕಾಹಾರಿಗಳ ಮನೆಗೆ ಬಹಳ ಹತ್ತಿರದ್ದು. ಬಿ-12 ಜೀವಸತ್ವದ ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಹಾಲು ಮೊಸರುಗಳಲ್ಲಿ ಅದು ಇದೆ, ಕಾಳು ಪಲ್ಯಗಳಲ್ಲಿ ಇಲ್ಲ. ಆದರೆ ರಕ್ತಪರೀಕ್ಷೆಗೆ ಮೊದಲೇ ನೆರೆಯವರ ಮಾತು ಕೇಳಿ ಚುಚ್ಚುಮದ್ದು ಹಾಕಿಸಿಕೊಂಡರೆ ಅಂಕಿ ಏರಿ ನಿಜಸ್ಥಿತಿ ಮರೆಯಾಗಬಹುದು. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಪೀಡಿಸುವ ಇನ್ನೊಂದು ರೋಗದ ಪ್ರತಿಕಾಯವು 2004ರಲ್ಲಿ ಪತ್ತೆಯಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೆ ಕೊಡುವ ಕೆಲವು ಔಷಧಗಳು ಆ ರೋಗವನ್ನು ಉಲ್ಬಣಗೊಳಿಸುತ್ತವೆ. ಅವಸರದ ನಿರ್ಣಯದಲ್ಲಿ ಇಂಥ ಅಪಾಯವಿದೆ. ಹಾಗೆಂದು ಉದಾಸೀನವೂ ಸಲ್ಲದು. ರೋಗ ಖಚಿತವಾದ ಮೇಲೆ ಚಿಕಿತ್ಸೆ ಬೇಗ ಆರಂಭವಾದಷ್ಟೂ ಒಳ್ಳೆಯದು.

ಬಂಧುಗಳು ಮಾಡಬಹುದಾದ ಮೊದಲ ಕೆಲಸ ಒಂದು ನೋಟುಪುಸ್ತಕವನ್ನು ಇಡುವುದು. ಯಾವ ದಿನ, ಯಾವ ಅಂಗ, ಎಷ್ಟು ದಿನ ಎಂದು ಬರೆಯಬೇಕು. 24 ಗಂಟೆಗಳಿಗಿಂತ ಕಡಿಮೆಯಿದ್ದ ಬಾಧೆಯನ್ನು ವೈದ್ಯರು ಸಾಮಾನ್ಯವಾಗಿ ಹೊಸ ಆಕ್ರಮಣವೆಂದು ಎಣಿಸುವುದಿಲ್ಲ. ನಮ್ಮ ಪರಿಚಯದ ಸೊಸೆಯ ಕಾಲಿನ ಜೋಮನ್ನು ಅಂದು ಯಾರೂ ಪರೀಕ್ಷಿಸಿರಲಿಲ್ಲ, ಯಾರೂ ಬರೆದಿಟ್ಟಿರಲಿಲ್ಲ. ಇಂಗ್ಲೆಂಡಿನ ಅರಸ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ 1822ರಿಂದ ತನಗಾದ ಬಾಧೆಗಳನ್ನು ದಿನಚರಿಯಲ್ಲಿ ಬರೆದಿಟ್ಟುದರಿಂದಲೇ, ಅವನು ತೀರಿ ಸುಮಾರು ನೂರು ವರ್ಷಗಳಾದ ಮೇಲೂ ಅವನ ರೋಗ ಇದೇ ಎಂದು ವೈದ್ಯರು ಗುರುತಿಸಿದರು.

ಎರಡನೆಯದು ನಂಬುವುದು. ಈ ರೋಗದ ಆಯಾಸವು ಹೊರಗಿನವರಿಗೆ ಕಾಣದು. “ಮುಖ ಕಳೆಯಾಗಿದೆ, ಏನಾಗಿದೆ ನಿನಗೆ?” ಎನ್ನುವವರೇ ಹೆಚ್ಚು. ನಮ್ಮ ಸಿದ್ಧಾಂತದಲ್ಲಿ ಸುಖದುಃಖಗಳನ್ನು ಅರಿಯುವುದು ಸಾಕ್ಷಿ, ಅದರ ಅರಿವಿಗೆ ಬಾಧೆಯಿಲ್ಲ. ಆ ಪಾಠವನ್ನು ಕೇಳಿದವರು ಸೊಸೆಯ ದಣಿವನ್ನು ಸೋಮಾರಿತನವೆಂದು ಹೇಗೆ ಕರೆದಾರು? ಮೂತ್ರದ ಆತುರವೂ ಇದರ ಲಕ್ಷಣಗಳಲ್ಲೊಂದು. ದೀರ್ಘ ಪೂಜೆಯ ನಡುವೆ ಎದ್ದು ಹೋದವಳನ್ನು ಕಾರಣ ಕೇಳದಿರುವುದೇ ಉಪಕಾರ.

ಮಡಿಯ ವಿಷಯಕ್ಕೆ ಬರೋಣ. ಶರೀರದ ಕಾವೇರಿದಾಗ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಮರುಕಳಿಸುವುದಕ್ಕೆ, ಅದರ ಒಂದು ರೂಪವನ್ನು 1890ರಲ್ಲಿ ವರ್ಣಿಸಿದ ಜರ್ಮನಿಯ ಊಟ್‌ಹಾಫನ ಹೆಸರಿದೆ. ತಣ್ಣೀರಿನ ಸ್ನಾನ ಇಂಥವರಲ್ಲಿ ಅನೇಕರಿಗೆ ಹಿತವೇ. ತೊಂದರೆಯಾಗುವುದು ಸುಡುನೀರಿನ ಅಭ್ಯಂಜನದಿಂದ, ಪುಣೆಯ ವೈಶಾಖದಲ್ಲಿ ಕಿಟಕಿಯಿಲ್ಲದ ಅಡಿಗೆಮನೆಯ ಒಲೆಯ ಮುಂದೆ ನೂರು ಹೋಳಿಗೆ ಬೇಯಿಸುವುದರಿಂದ. ಆ ಮನೆಯ ಅತ್ತೆಯವರು ಅಡಿಗೆಮನೆಯಲ್ಲಿ ಒಂದು ಮಣೆ ಕುರ್ಚಿ, ಒಂದು ಫ್ಯಾನು ಇರಿಸಿ, ಒಲೆಯನ್ನು ತಾವು ವಹಿಸಿಕೊಂಡು ಹೂರಣದ ಕೆಲಸವನ್ನು ಸೊಸೆಗೆ ಬಿಟ್ಟರು. ಪೂರ್ತಿ ಕೆಲಸ ಬಿಡಿಸಿದ್ದರೆ ಅವಳು ಇನ್ನೂ ಕುಗ್ಗುತ್ತಿದ್ದಳು. ಏಕಾದಶಿಯ ಉಪವಾಸದಲ್ಲಿ ಆತುರರಿಗೆ ವಿನಾಯಿತಿಯಿದೆ. ಸ್ಟಿರಾಯ್ಡ್ ಔಷಧ ನಡೆಯುತ್ತಿರುವಾಗ ವೈದ್ಯರನ್ನೂ ಆಚಾರ್ಯರನ್ನೂ ಮೊದಲೇ ಕೇಳಿಕೊಳ್ಳಬೇಕು.

ಎಂ.ಆರ್.ಐ. ಯಂತ್ರದೊಳಗೆ ಲೋಹದ ಒಡವೆಗಳನ್ನು ಧರಿಸಿ ಹೋಗುವಂತಿಲ್ಲ. ಬಳೆ, ಕಾಲುಂಗುರ, ಮಾಂಗಲ್ಯಗಳನ್ನು ತೆಗೆಯಬೇಕೆಂದು ಬಾಗಿಲಲ್ಲಿ ಹಠಾತ್ತನೆ ಕೇಳಿದಾಗ ಅವಳು ರೋಗಕ್ಕಿಂತ ಅದಕ್ಕೇ ಅತ್ತಳಂತೆ. ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರವನ್ನು ಮನೆಯಲ್ಲೇ ಸಿದ್ಧಪಡಿಸಿಕೊಂಡು ಹೋಗಬಹುದಿತ್ತು. ವೈದ್ಯರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದುದನ್ನು ಊರಿನಿಂದ ಬಂದ ತಾಯಿಗೆ ಕನ್ನಡದಲ್ಲಿ ತಿಳಿಸಲು ಒಬ್ಬರಿರಬೇಕು. ಅವರು ಇದ್ದುದನ್ನು ಇದ್ದಂತೆಯೇ ಹೇಳಬೇಕು.

ಇನ್ನು ದೂಷಣೆ. ಸೊಸೆಯ ಕಾಲ್ಗುಣ, ಸರ್ಪದೋಷ, ಮದುವೆಗೆ ಮುಂಚೆ ಮುಚ್ಚಿಟ್ಟರು ಎಂಬ ಮಾತುಗಳು ಬಂದೇ ಬರುತ್ತವೆ. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಬಹುಪಾಲು ಎಲ್ಲರಿಗೂ ತಗಲುವ ಎಪ್‌ಸ್ಟೈನ್-ಬಾರ್ ಎಂಬ ವೈರಾಣುವಿಗೂ ಈ ರೋಗಕ್ಕೂ ಬಲವಾದ ಸಂಬಂಧವನ್ನು ತೋರಿಸಿತು. ಆದರೂ ಆ ವೈರಾಣು ತಗಲಿದವರಲ್ಲಿ ಅತ್ಯಲ್ಪ ಮಂದಿಗೆ ಮಾತ್ರ ರೋಗ ಬರುತ್ತದೆ. ಇದರಲ್ಲಿ ಸೊಸೆಯ ಅಪರಾಧವೆಲ್ಲಿದೆ?

ಖಡಕಿಯಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಗಾಲಿಕುರ್ಚಿಯಲ್ಲಿ ಹೋಗುವ ಯೋಧರನ್ನು ಕಂಡು ಆ ಸೊಸೆ, ತನ್ನ ಗತಿಯೂ ಇದೇ ಎಂದು ಹೆದರಿದ್ದಳು. ಈ ರೋಗವುಳ್ಳ ಎಲ್ಲರೂ ಆ ಸ್ಥಿತಿಗೆ ಬರುವುದಿಲ್ಲ. ಆ ಯೋಧರಾದರೂ ಆಟವಾಡುತ್ತಾರೆ, ದುಡಿಯುತ್ತಾರೆ. ರೋಗ ಖಚಿತವಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಇದರ ಹೆಸರಿದೆ. 1985ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಗೆ ಪುಣೆಯಲ್ಲಿಯೂ ಶಾಖೆಯಿದೆ.

ಅವಳ ಕಣ್ಣು ಈಗ ಬಹುಮಟ್ಟಿಗೆ ತಿಳಿಯಾಗಿದೆ. ನಿರ್ಣಯವಿನ್ನೂ ಆಗಿಲ್ಲ. ಎರಡನೆಯ ಎಂ.ಆರ್.ಐ.ಗೆ ದಿನ ಗೊತ್ತಾಗಿದ್ದು, ಅಂದು ಅತ್ತೆಯವರೇ ಜೊತೆಗೆ ಹೋಗುವವರಿದ್ದಾರೆ. ಅರಿಶಿನದ ದಾರವನ್ನು ಈಗಾಗಲೇ ಕಟ್ಟಿಟ್ಟಿದ್ದಾರೆ.