ಬೇಕರಿ ಓವನ್ನಿನ ವೈರಿಂಗ್: ಹೊಣೆ ಯಾರದು, ಹಕ್ಕು ಏನು?

ಗದಗ ಜಿಲ್ಲೆಯ ನರೇಗಲ್‌ನಂಥ ಊರಿನಲ್ಲಿ ಬ್ರೆಡ್ಡು, ಬನ್ನು, ಟೋಸ್ಟು ತಯಾರಿಸುವ ಕರೆಂಟಿನ ಓವನ್ ಕೆಟ್ಟರೆ ಮಾಲೀಕರು ಮೊದಲು ಫೋನ್ ಮಾಡುವುದು ಪರಿಚಯದ ವೈರಿಂಗ್ ಹುಡುಗನಿಗೆ. ಆತ ಬಂದು ಸುಟ್ಟ ತಂತಿ ಕತ್ತರಿಸಿ, ಹೊಸ ತುಂಡು ತಿರುವಿ, ಟೇಪ್ ಸುತ್ತಿ ಹೋಗುತ್ತಾನೆ. ಸಂಜೆಯ ಮಾಲಿಗೇನೋ ತೊಂದರೆಯಾಗುವುದಿಲ್ಲ. ಆದರೆ ನಾಳೆ ಕೆಲಸಗಾರನಿಗೆ ಶಾಕ್ ಹೊಡೆದರೆ ಅಥವಾ ಅಂಗಡಿಗೆ ಬೆಂಕಿ ಹತ್ತಿದರೆ ಮೊದಲು ಏಳುವ ಪ್ರಶ್ನೆ ಒಂದೇ: ಈ ಕೆಲಸ ಮಾಡಿದವರು ಯಾರು, ಅವರ ಪರವಾನಗಿ ಎಲ್ಲಿ? ರಿಪೇರಿಯ ಜೊತೆಗೆ ಅದರ ಕಾಗದವೂ ಕೈಸೇರಿದರೆ ಮಾತ್ರ ಕಾನೂನಿನ ಕಣ್ಣಲ್ಲಿ ನೀವು ಎಚ್ಚರ ವಹಿಸಿದವರು.

ಮೀಟರಿನ ಆಚೆ, ಈಚೆ

ಗದಗ ಜಿಲ್ಲೆಗೆ ವಿದ್ಯುತ್ ಕೊಡುವುದು ಹೆಸ್ಕಾಂ. ಕಂಬದಿಂದ ಮೀಟರಿನವರೆಗಿನ ದೋಷವನ್ನು ಅವರೇ ಸರಿಪಡಿಸಬೇಕು. ಸರ್ವಿಸ್ ವೈರು ಕಿಡಿ ಕಾರಿದರೆ, ಒಂದು ಫೇಸ್ ಹೋದರೆ, ನ್ಯೂಟ್ರಲ್ ಕಡಿದು ವೋಲ್ಟೇಜ್ ಏರುಪೇರಾದರೆ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೀಟರಿನಿಂದ ಈಚೆಗೆ, ಅಂದರೆ ಬೋರ್ಡು, ಕೇಬಲ್, ಅರ್ಥಿಂಗ್, ಓವನ್ ಎಲ್ಲವೂ ಗ್ರಾಹಕರ ಹೊಣೆ. ಮೀಟರಿನ ಸೀಲನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಯಾರು ಕೈಹಾಕಬಹುದು?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಹೊಸ ವೈರಿಂಗ್, ಮಾರ್ಪಾಡು, ದುರಸ್ತಿ ಎಲ್ಲವನ್ನೂ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೇಲ್ವಿಚಾರಕರಿಗೆ ಅರ್ಹತಾ ಪತ್ರ, ಕೆಲಸ ಮಾಡುವ ವೈರ್‌ಮನ್‌ಗೆ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಪರವಾನಗಿ ತೋರಿಸಿ ಎಂದು ಕೇಳುವುದು ಅಪನಂಬಿಕೆಯಲ್ಲ. ಅವಧಿ ಮುಗಿದಿಲ್ಲವೆಂದು ನೋಡಿ, ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ.

ತಪಾಸಣೆಯಲ್ಲಿ ಏನೇನಿರಬೇಕು?

ಓವನ್ ದಿನವೂ ಕಾದು ತಣಿಯುವುದರಿಂದ ಟರ್ಮಿನಲ್‌ನ ನಟ್ಟುಗಳು ಸಡಿಲಾಗುತ್ತವೆ. ಸಡಿಲಾದ ಜಾಗ ಬಿಸಿಯೇರಿ ತಂತಿ ತುದಿಯ ಲಗ್ ಕಪ್ಪಾಗುತ್ತದೆ, ಕೊನೆಗೆ ಸುಡುತ್ತದೆ. ಹೀಟರಿನ ಬಳಿ ಮನೆಗೆ ಬಳಸುವ ಸಾಮಾನ್ಯ ಪಿವಿಸಿ ವೈರು ನಡೆಯದು. ಅದು ಸುಮಾರು 70 ಡಿಗ್ರಿ ತಾಳುವಂಥದ್ದು. ಅಲ್ಲಿಗೆ ಸಿಲಿಕೋನ್ ಅಥವಾ ಗ್ಲಾಸ್ ಫೈಬರ್ ಹೊದಿಕೆಯ ತಂತಿಯೇ ಬೇಕು. ಹೀಟರಿಗೆ ಕರೆಂಟ್ ಹಾಯಿಸಿ ನಿಲ್ಲಿಸುವ ಕಾಂಟ್ಯಾಕ್ಟರಿನ ಪಾಯಿಂಟುಗಳು ಅಂಟಿಕೊಂಡರೆ ಥರ್ಮೋಸ್ಟಾಟ್ ಆಫ್ ಹೇಳಿದರೂ ಓವನ್ ಕಾಯುತ್ತಲೇ ಹೋಗುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಹೀಟರು ತೇವ ಹೀರಿ ಶಾಕ್ ಕೊಡಬಹುದು.

ಕೆಲಸ ಶುರುವಾಗುವ ಮುನ್ನ ಮೇನ್ ಆಫ್ ಮಾಡಿ ಬೀಗ ಹಾಕಿ, ಟೆಸ್ಟರಿನಿಂದ ನೋಡಿಸಿ. ಮುಗಿದ ಮೇಲೆ ವರದಿಯಲ್ಲಿ ಇಷ್ಟಾದರೂ ಬರೆಸಿಕೊಳ್ಳಿ:

• ಇನ್ಸುಲೇಷನ್ ಪರೀಕ್ಷೆ. 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ಬರಬೇಕು.
• ಅರ್ಥಿಂಗ್. ಓವನ್ನಿನ ವೋಲ್ಟೇಜ್ 250 ದಾಟಿದರೆ ಅದರ ಲೋಹದ ಮೈಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಕಡ್ಡಾಯ. ನಮ್ಮ ಎರೆ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆಗಲೇ ಅಳೆಸಿದರೆ ನಿಜ ತಿಳಿಯುತ್ತದೆ.
• ಭೂಸೋರಿಕೆ ತಡೆಯುವ ಆರ್‌ಸಿಸಿಬಿ ಇದೆಯೇ, ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆಯೇ?
• ಮೂರೂ ಫೇಸಿನ ಕರೆಂಟು. 12 ಕಿಲೋವ್ಯಾಟ್ ಓವನ್ 415 ವೋಲ್ಟಿನಲ್ಲಿ ಫೇಸಿಗೆ ಸುಮಾರು 17 ಆಂಪಿಯರ್ ಎಳೆಯುತ್ತದೆ. ಒಂದು ಫೇಸಿನಲ್ಲಿ ತೀರಾ ಕಡಿಮೆ ಕಂಡರೆ ಹೀಟರೋ ಜಾಯಿಂಟೋ ಹೋಗಿದೆ ಎಂದು ತಿಳಿಯಿರಿ.

ಮಂಜೂರಾದ ಲೋಡಿಗಿಂತ ಹೆಚ್ಚು ಬಳಸಿದರೆ

ಹಳೇ ಓವನ್ ತೆಗೆದು ದೊಡ್ಡದು ಇಡುವವರು ಮೊದಲು ಹೆಸ್ಕಾಂಗೆ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಬೇಕು. ಮಂಜೂರಾದ ಲೋಡ್ ಮೀರಿ ಬಳಸುವುದೂ ವಿದ್ಯುತ್ ಕಾಯ್ದೆ 2003ರ ಕಲಂ 126ರಡಿ ಅನಧಿಕೃತ ಬಳಕೆಯೇ ಎಂದು ಸುಪ್ರೀಂ ಕೋರ್ಟ್ 2011ರ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಹೇಳಿದೆ. ಸಿಕ್ಕಿಬಿದ್ದರೆ ಎರಡು ಪಟ್ಟು ದರ. ಅವಧಿ ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ.

ಆದರೆ ಇಲ್ಲೂ ನಿಮ್ಮ ಮಾತು ಕೇಳಲೇಬೇಕು. ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಡಬಹುದು, ಅಹವಾಲು ಹೇಳಿಕೊಳ್ಳಬಹುದು. ಅಂತಿಮ ಆದೇಶ 30 ದಿನದೊಳಗೆ ಬರಬೇಕು. ಅದೂ ಒಪ್ಪಿಗೆಯಾಗದಿದ್ದರೆ ಅರ್ಧ ಮೊತ್ತ ಕಟ್ಟಿ, 30 ದಿನದೊಳಗೆ ಕಲಂ 127ರಡಿ ಮೇಲ್ಮನವಿ ಹಾಕಬಹುದು. ಬಿಲ್ ಬಾಕಿಗಾಗಿ ಲೈನ್ ಕತ್ತರಿಸುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು ಎನ್ನುತ್ತದೆ ಕಲಂ 56.

ಅವಘಡವಾದರೆ

ಕರೆಂಟ್ ತಗುಲಿ ಮನುಷ್ಯನಿಗಾಗಲಿ ಜಾನುವಾರಿಗಾಗಲಿ ಪ್ರಾಣಹಾನಿ, ಗಾಯ ಆದರೆ ವಿದ್ಯುತ್ ಕಾಯ್ದೆಯ ಕಲಂ 161ರಂತೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಸಾವು ಸಂಭವಿಸಿದ್ದರೆ ವಿಷಯ ಗೊತ್ತಾದ 24 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ಮೇನ್ ಆಫ್ ಮಾಡಿ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿ. ಪರಿವೀಕ್ಷಕರು ನೋಡುವ ತನಕ ಓವನ್ ಬಿಚ್ಚಬೇಡಿ, ವೈರು ಬದಲಿಸಬೇಡಿ. ಕೆಲಸದ ವೇಳೆ ಕೆಲಸದಿಂದಾಗಿ ಆದ ಅವಘಡಕ್ಕೆ ಮಾಲೀಕರು ಪರಿಹಾರ ಕೊಡಬೇಕು. ಇಎಸ್‌ಐ ವ್ಯಾಪ್ತಿಯ ಕೆಲಸಗಾರನಿಗೆ ಅಲ್ಲಿಂದಲೇ ಸೌಲಭ್ಯ ಸಿಗುತ್ತದೆ. ‘ಅವನೇ ಮುಟ್ಟಿದ’ ಎಂಬ ಒಂದೇ ಮಾತಿನಿಂದ ಸಾವಿನ ಪ್ರಕರಣದಲ್ಲಿ ಹೊಣೆ ತಪ್ಪದು.

ದೂರು ಎಲ್ಲಿಗೆ?

ಹೆಸ್ಕಾಂ ಸೇವೆಯ ಕೊರತೆಯಿದ್ದರೆ ಮೊದಲು ಸ್ಥಳೀಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ಕಲಂ 126ರ ದಂಡದ ತಕರಾರು ಮಾತ್ರ ಈ ವೇದಿಕೆಗೆ ಹೋಗುವುದಿಲ್ಲ.

ದೋಷವಿರುವ ಓವನ್ ಮಾರಿದವರ, ಕಳಪೆ ರಿಪೇರಿ ಮಾಡಿದವರ ಮೇಲಿನ ದೂರು ಗದಗಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ. ವ್ಯಾಪಾರದ ಖರೀದಿ ಎಂದು ಎದುರುಪಕ್ಷದವರು ತಕರಾರು ಎತ್ತಬಹುದು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ನಡೆಸುವ ಬೇಕರಿಯವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಓವನ್ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಕೊಂಡಿದ್ದರೂ ದೂರನ್ನು ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಇದೆಲ್ಲ ನಿಲ್ಲುವುದು ದಾಖಲೆಯ ಮೇಲೆ. ಓವನ್ ಬಿಲ್ಲು, ವಾರಂಟಿ ಕಾರ್ಡು, ಲೋಡ್ ಮಂಜೂರಾತಿ ಪತ್ರ, ಗುತ್ತಿಗೆದಾರರ ಪರವಾನಗಿ ಪ್ರತಿ, ಸಹಿ ಹಾಗೂ ದಿನಾಂಕವಿರುವ ತಪಾಸಣಾ ವರದಿ, ರಿಪೇರಿಗೆ ಕೊಟ್ಟ ಹಣದ ರಸೀದಿ, ಈ ಆರನ್ನು ಒಂದು ಫೈಲಿನಲ್ಲಿ ಇಡಿ. ರಸೀದಿ ಕೊಡಲು ಒಲ್ಲೆ ಎನ್ನುವವರಿಗೆ ಓವನ್ನಿನ ಮುಚ್ಚಳ ತೆಗೆಯಲು ಬಿಡಬೇಡಿ.