ರಾತ್ರಿ ಮೂರರ ನಾಡಿ

ಅಬ್ಲೇಶನ್ ಆದಮೇಲೂ ಎಎಫ್ ಮರಳಿ ಬಂತೆಂದಾಗ ನಮ್ಮ ಭಾವ ಕೇಳಿದ್ದು ಒಂದೇ: "ಹಾಗಾದ್ರೆ ಅಷ್ಟೂ ದುಡ್ಡು ನೀರಿಗೆ ಹಾಕಿದ ಹಾಗಾಯ್ತಾ?" ಡಾಕ್ಟರು ಕೇಳಿದ್ದೇ ಬೇರೆ. "ಯಾವ ಹೊತ್ತಲ್ಲಿ ಬರುತ್ತೆ? ಊಟ ಆದಮೇಲೋ, ಮೆಟ್ಟಿಲು ಹತ್ತುವಾಗಲೋ?" ನನ್ನ ಕೈಹಿಡಿದದ್ದು ಆ ಪ್ರಶ್ನೆ.

ಎಎಫ್, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ಕಾಯಿಲೆ. ಅದನ್ನು ಕೆರಳಿಸುವ ವಿದ್ಯುತ್ ಮಿಡಿತಗಳು ಹೆಚ್ಚಾಗಿ ಹುಟ್ಟುವುದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳಲ್ಲಿ ಎಂದು ಫ್ರಾನ್ಸಿನ ಬೋರ್ಡೋದ ಮಿಶೆಲ್ ಐಸಾಗೇರ್ ತಂಡ 1998ರಲ್ಲಿ ತೋರಿಸಿತು. ಆ ನಾಳಗಳ ಬಾಯಿಯ ಸುತ್ತ ಸುಟ್ಟು ಬೇಲಿ ಕಟ್ಟುವುದೇ ಅಬ್ಲೇಶನ್. ಸುಟ್ಟದ್ದು ಮಾಯುವವರೆಗೆ, ಮೊದಲ 2-3 ತಿಂಗಳಲ್ಲಿ ಬರುವುದನ್ನು ಸೋಲೆಂದು ಎಣಿಸುವುದಿಲ್ಲ. ಆಮೇಲೂ ಬಂದರೆ ಎಲ್ಲಕ್ಕಿಂತ ಮೊದಲು ಅನುಮಾನ ಹೋಗುವುದು ಬೇಲಿಯ ಕಂಡಿಯ ಮೇಲೆ.

ಆದರೆ ಅದೇ ನಾಳಗಳ ಪಕ್ಕದ ಕೊಬ್ಬಿನಲ್ಲಿ ಸಣ್ಣ ನರಗಂಟುಗಳೂ ಇವೆ. ವೇಗಸ್ ನರ ಎದೆಬಡಿತವನ್ನು ನಿಧಾನಿಸುವುದು ಇಂಥವುಗಳ ಮೂಲಕ. ಅಬ್ಲೇಶನ್‌ಗೆ ಮೊದಲು 60ರ ಆಸುಪಾಸಿನಲ್ಲಿದ್ದ ನನ್ನ ನಾಡಿ, ಆದಮೇಲೆ ಸುಮ್ಮನೆ ಕೂತಾಗಲೂ 75 ದಾಟುತ್ತಿತ್ತು. ಗಂಟುಗಳಿಗೂ ಬಿಸಿ ತಾಗಿ ವೇಗಸ್‌ನ ಹಿಡಿತ ಸಡಿಲವಾಗಿದೆ ಎಂದರು ಡಾಕ್ಟರು. ತಿಂಗಳುಗಳು ಕಳೆದಂತೆ ನಾಡಿ ಇಳಿಯಿತು, ಎಎಫ್ ಅನ್ನು ಕೆರಳಿಸಲೂಬಲ್ಲ ಆ ನರಗಳು ಚೇತರಿಸಿಕೊಂಡಿರಬಹುದಂತೆ. ನಾಡಿ ಇಳಿದದ್ದಕ್ಕೆ ಸಂತೋಷಪಡಬೇಕೋ ಬೇಡವೋ ಅನ್ನುವ ಫಜೀತಿ ಬೇರೆ ಯಾವ ರೋಗದಲ್ಲಿದೆಯೋ ಕಾಣೆ!

ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರ್ ತೂಗುತ್ತದೆ. ಡಾಕ್ಟರ ಪ್ರಶ್ನೆಗೆ ಉತ್ತರವಾಗಿ ಎಎಫ್ ಬಂದ ಹೊತ್ತನ್ನು ಅದರ ಚೌಕಗಳಲ್ಲೇ ಬರೆಯತೊಡಗಿದೆ: "1 ಲೀಟರ್. ಮದುವೆಯೂಟ, ಹೋಳಿಗೆ. ರಾತ್ರಿ 3.10." ಪುಟ ತಿರುವಿದಾಗ ವಾಕಿಂಗ್ ಹೋದ ಬೆಳಗುಗಳೆಲ್ಲ ಖಾಲಿ, ಹೊಟ್ಟೆಬಿರಿಯ ಉಂಡು ಎಡಮಗ್ಗುಲಾಗಿ ಮಲಗಿದ ರಾತ್ರಿಗಳಲ್ಲೇ ಗುರುತು. ಪ್ಯಾರಿಸ್ಸಿನ ಹೃದ್ರೋಗ ತಜ್ಞ ಫಿಲಿಪ್ ಕುಮೆಲ್ ಈ ಬಗೆಯನ್ನು ದಶಕಗಳ ಹಿಂದೆಯೇ ವಿವರಿಸಿದ್ದರು. ನಿದ್ದೆಯಲ್ಲಿ, ಊಟದ ನಂತರ ಬರುವುದರ ಹಿಂದೆ ವೇಗಸ್. ಶ್ರಮ, ಸಿಟ್ಟು, ಆತಂಕದಲ್ಲಿ ಬರುವುದರ ಹಿಂದೆ ಅಡ್ರಿನಲಿನ್. ಬಹಳ ಜನರಲ್ಲಿ ಎರಡೂ ಬೆರೆತಿರುತ್ತವೆ. ಅಡ್ರಿನಲಿನ್‌ನ ಪರಿಣಾಮ ತಡೆಯುವ ಬೀಟಾ ಬ್ಲಾಕರ್ ಮಾತ್ರೆ ಎರಡನೆಯದಕ್ಕೆ ಒಗ್ಗುತ್ತದೆ, ಮೊದಲನೆಯದನ್ನು ಕೆಲವೊಮ್ಮೆ ಕೆಣಕುತ್ತದೆ. ಕ್ಯಾಲೆಂಡರ್ ನೋಡಿದ ಡಾಕ್ಟರು ನನ್ನ ಮಾತ್ರೆ ಬದಲಿಸಿದರು.

"ಗೊರಕೆ ಮಧ್ಯದಲ್ಲಿ ಉಸಿರೇ ನಿಂತುಹೋಗುತ್ತೆ ಇವರಿಗೆ" ಎಂದು ಹೆಂಡತಿ ಹೇಳಿದ್ದೂ ಅವತ್ತೇ. ನಿದ್ದೆಯ ಪರೀಕ್ಷೆಯಲ್ಲಿ ಸ್ಲೀಪ್ ಅಪ್ನಿಯಾ ಸಿಕ್ಕಿತು. ಉಸಿರು ಕಟ್ಟಿದಾಗ ವೇಗಸ್, ಬೆಚ್ಚಿ ಎಚ್ಚರವಾದಾಗ ಅಡ್ರಿನಲಿನ್, ಹೀಗೆ ಎರಡೂ ಕಡೆಯ ನರಗಳ ಎಳೆದಾಟ ರಾತ್ರಿಯಿಡೀ. ಗಾಳಿ ಒತ್ತಿ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಮುಖವಾಡ ಹಾಕಿಕೊಂಡು ಮಲಗುವುದು ಹಿಂಸೆಯೇ, ಆದರೆ ಗುರುತುಗಳು ವಿರಳವಾದವು.

ಯೋಗ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯನ್ನೇ ಅಮೆರಿಕದ ಕ್ಯಾನ್ಸಸ್‌ನಲ್ಲಿ ಧನಂಜಯ ಲಕ್ಕಿರೆಡ್ಡಿ ತಂಡ ಎಎಫ್ ರೋಗಿಗಳ ಮೇಲೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿತು. 3 ತಿಂಗಳ ಅಭ್ಯಾಸದಲ್ಲಿ ಎಎಫ್ ಕಾಟ ಕಡಿಮೆಯಾಗಿತ್ತು. ಸಣ್ಣ ಅಧ್ಯಯನ, ಅದನ್ನು ನಂಬಿ ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟವರನ್ನು ಕಂಡರೆ ನನಗೆ ಭಯವಾಗುತ್ತದೆ. ನಾನು ಎರಡನ್ನೂ ಬಿಟ್ಟಿಲ್ಲ.

ಎರಡನೇ ಅಬ್ಲೇಶನ್ ಬೇಕೇ ಎಂಬುದು ಮೈಮೇಲೆ ಕಟ್ಟಿಕೊಂಡು ಎದೆಬಡಿತ ದಾಖಲಿಸುವ ಮುಂದಿನ ಹೋಲ್ಟರ್ ಪರೀಕ್ಷೆ ನೋಡಿಕೊಂಡು ತೀರ್ಮಾನ. ಕಂಡಿ ಬಿದ್ದಿದ್ದರೆ, ರಾತ್ರಿ ಒಂದು ಮುದ್ದೆ ಕಡಿಮೆ ಉಂಡ ಮಾತ್ರಕ್ಕೆ ಅದು ಮುಚ್ಚಿಕೊಳ್ಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಟ್ಟಿದ್ದಾರೆ.