ದಾದಾಭಾಯಿ ನವರೋಜಿ: ಆಳುವವರಿಂದ ಲೆಕ್ಕ ಕೇಳಿದ ವರ್ತಕ

ರಫ್ತು ಆಮದಿಗಿಂತ ಹೆಚ್ಚಾಗಿದ್ದರೆ ದೇಶಕ್ಕೆ ಲಾಭವೆಂಬುದು ಸಾಮಾನ್ಯ ತಿಳಿವಳಿಕೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ರಫ್ತು ಆಮದನ್ನು ಸತತವಾಗಿ ಮೀರಿದ್ದರೂ ಜನರ ಬಡತನ ನೀಗಲಿಲ್ಲ. ಈ ವೈಪರೀತ್ಯಕ್ಕೆ ಲೆಕ್ಕಪತ್ರಗಳಲ್ಲಿಯೇ ಕಾರಣವನ್ನು ಶೋಧಿಸಿದವರು ದಾದಾಭಾಯಿ ನವರೋಜಿ (1825–1917).

ನವರೋಜಿಯವರ ಸಾರ್ವಜನಿಕ ಜೀವನ ಆರಂಭವಾದುದು ಸಮಾಜ ಸುಧಾರಣೆಯಿಂದ. 1849ರಲ್ಲಿ ಅವರು ಸಹವರ್ತಿಗಳೊಡನೆ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದರು. 1851ರಲ್ಲಿ 'ರಾಸ್ತ್ ಗೋಫ್ತಾರ್' ಪತ್ರಿಕೆಯನ್ನು ಸ್ಥಾಪಿಸಿ, ತಮ್ಮ ಪಾರ್ಸಿ ಸಮಾಜದ ಸುಧಾರಣೆಗಾಗಿ ಬರೆದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದ ಅವರು 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ತೆರಳಿದರು. ಆಳುವವರ ಲೆಕ್ಕಗಳನ್ನು ಸಮೀಪದಿಂದ ಪರಿಶೀಲಿಸುವ ಅವಕಾಶ ಅಲ್ಲಿ ಒದಗಿತು.

ವ್ಯವಸ್ಥೆಯ ಸ್ವರೂಪ ಹೀಗಿತ್ತು: ಭಾರತದ ಸರಕನ್ನು ಕೊಂಡ ಬ್ರಿಟಿಷ್ ವರ್ತಕನು ಲಂಡನ್ನಿನಲ್ಲಿದ್ದ ಭಾರತ ಸಚಿವರಿಗೆ ಪೌಂಡುಗಳನ್ನು ಸಂದಾಯ ಮಾಡಿ 'ಕೌನ್ಸಿಲ್ ಬಿಲ್' ಎಂಬ ಹುಂಡಿಯನ್ನು ಪಡೆಯುತ್ತಿದ್ದನು. ಆ ಹುಂಡಿಗೆ ಭಾರತದ ಖಜಾನೆ ರೂಪಾಯಿ ನೀಡುತ್ತಿತ್ತು. ಅರ್ಥಾತ್, ಇಲ್ಲಿಯ ರಫ್ತುದಾರನಿಗೆ ಸಂದ ಹಣ ಇಲ್ಲಿಯ ರೈತನೇ ತೆತ್ತ ಕಂದಾಯದ್ದು! ಲಂಡನ್ನಿನಲ್ಲಿ ಉಳಿದ ಪೌಂಡುಗಳು ಸಾಲದ ಬಡ್ಡಿ, ರೈಲ್ವೆ ಬಂಡವಾಳಕ್ಕೆ ಖಾತರಿಯಿತ್ತ ಪ್ರತಿಫಲ, ಅಧಿಕಾರಿಗಳ ಪಿಂಚಣಿ ಮುಂತಾದ 'ಗೃಹ ವೆಚ್ಚ'ಗಳಿಗೆ ವಿನಿಯೋಗವಾಗುತ್ತಿದ್ದವು. ಭಾರತ ಸಚಿವರ ಸಂಬಳವನ್ನೂ 1919ರ ಶಾಸನದವರೆಗೆ ಭಾರತವೇ ಭರಿಸಿತು. ಪ್ರತಿಫಲವಿಲ್ಲದ ಈ ಹೊರಹರಿವನ್ನೇ ನವರೋಜಿ 'ಸಂಪತ್ತಿನ ಸೋರಿಕೆ' ಎಂದು ಕರೆದರು.

1867–70ರ ಅವಧಿಗೆ ಭಾರತೀಯನ ಸರಾಸರಿ ವಾರ್ಷಿಕ ಆದಾಯ 20 ರೂಪಾಯಿ ಎಂದು ಅವರು ಅಂದಾಜಿಸಿದರು. ಇದನ್ನು ಕೈದಿಯೊಬ್ಬನ ಊಟ–ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ವೆಚ್ಚದೊಡನೆ ಹೋಲಿಸಿದಾಗ, ಸ್ವತಂತ್ರ ದುಡಿಮೆಗಾರನ ಆದಾಯವೇ ಕಡಿಮೆಯೆಂದು ಕಂಡುಬಂದಿತು. ಆಧಾರಗಳೆಲ್ಲವೂ ಸರ್ಕಾರಿ ವರದಿಗಳೇ ಆದುದರಿಂದ ಅವನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ.

1892ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ನವರೋಜಿ, 1895ರಲ್ಲಿ ಭಾರತದ ವೆಚ್ಚಗಳ ಪರಿಶೀಲನೆಗಾಗಿ ನೇಮಕವಾದ ವೆಲ್ಬಿ ಆಯೋಗದ ಸದಸ್ಯರೂ ಆದರು. 1901ರಲ್ಲಿ ಅವರ ಬರಹಗಳು ಗ್ರಂಥರೂಪದಲ್ಲಿ ಪ್ರಕಟವಾದವು. ಸೋರಿಕೆಯ ನಿಖರ ಪ್ರಮಾಣದ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತೆರಿಗೆ ತೆರುವವನಿಗೆ ಲೆಕ್ಕ ಕೇಳುವ ಹಕ್ಕಿದೆ ಎಂಬ ತತ್ತ್ವವನ್ನು ಅವರು ಸ್ಥಾಪಿಸಿದರು. ತಮ್ಮ ಸಮಾಜದ ಲೋಪಗಳನ್ನು ಮರೆಮಾಚದವರು ಆಳುವವರ ಲೆಕ್ಕವನ್ನು ಕೇಳಿದುದರಿಂದಲೇ ಆ ಪ್ರಶ್ನೆಗೆ ನೈತಿಕ ಬಲ ಒದಗಿತು.